ನಾಲ್ಕು ಇಂಚಿನ ಗಾಳಿ

ನಗು ಬರಿಸುವ ಸಂಗತಿಗಳು ನಗುವ ಜಾಗದಲ್ಲೇ ಆಗಬೇಕು ಅಂತ ಯಾರೂ ಕಾನೂನು ಮಾಡಿಲ್ಲ. ನನ್ನ ಪಾಲಿಗಂತೂ ಅವು ಐಸಿಯು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ನನ್ನ ಹಿಂದೆಯೇ ಒಳಗೆ ಬರುತ್ತವೆ. ಬೇಡ ಅಂದರೂ ಬಿಡುವುದಿಲ್ಲ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ನಮ್ಮ ಕಾಲನಿಯವರ ಹಾಗೆ ಏನೇನೋ ತಿಳಿದುಕೊಳ್ಳುತ್ತೀರಿ. ನಾನು ಗದಗಿನವಳು. ಗಂಡ ರೈಲ್ವೆಯಲ್ಲಿ ಹಳಿ ತಪಾಸಣೆ ಮಾಡುವ ಇಂಜಿನಿಯರ್. ಅವರಿಗೆ ನಾಗಪುರಕ್ಕೆ ವರ್ಗವಾದಾಗ ನಾನೂ ಗಂಟುಮೂಟೆ ಕಟ್ಟಿಕೊಂಡು ಬಂದು ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಸೇರಿಕೊಂಡೆ.

ನ್ಯುಮೋನಿಯಾ ಬಂದೋ ಮತ್ತೇನಾಗಿಯೋ ಕೆಲವರ ಶ್ವಾಸಕೋಶ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಆಗ ವೆಂಟಿಲೇಟರ್ ಎಂಬ ಯಂತ್ರ ಅವರ ಎದೆಯೊಳಗೆ ಗಾಳಿ ತುಂಬುತ್ತದೆ. ಗಾಳಿ ಕಮ್ಮಿಯಾದರೆ ಸಾಲುವುದಿಲ್ಲ, ಜಾಸ್ತಿಯಾದರೆ ಮೊದಲೇ ನೊಂದ ಶ್ವಾಸಕೋಶ ಇನ್ನಷ್ಟು ಹಾಳಾಗುತ್ತದೆ. ಎಷ್ಟು ಗಾಳಿಗೆ ಎಷ್ಟು ಒತ್ತಡ ಬಿದ್ದೀತು ಅಂತ ಮೊದಲೇ ತಿಳಿಯಲು ನಾವು ಆ ರೋಗಿಯದೇ ಶ್ವಾಸಕೋಶದ ನಕಲೊಂದನ್ನು ಕಂಪ್ಯೂಟರಿನಲ್ಲಿ ಲೆಕ್ಕದಿಂದ ಕಟ್ಟುತ್ತೇವೆ. ಅದಕ್ಕೆ ಮಾಡೆಲ್ ಅಂತ ಹೆಸರು. ನಕಲು ಹರಿದುಹೋದರೆ ಯಾರ ಮನೆಯವರೂ ಅಳುವುದಿಲ್ಲ. ಅಷ್ಟೇ ನನ್ನ ಕೆಲಸ.

ಲ್ಯಾಪ್‌ಟಾಪಿಗೆ ಊದಿದವರು

ಇದಿಷ್ಟನ್ನೂ ಕಾಲನಿಯಲ್ಲಿ ಹೇಳುತ್ತ ಕೂಡಲಿಕ್ಕೆ ಆಗುತ್ತದೆಯೇ? ಯಾರಾದರೂ ಕೇಳಿದರೆ, "ಕಂಪ್ಯೂಟರಿನಾಗ ಶ್ವಾಸಕೋಶ ನೋಡ್ತೀನ್ರಿ" ಅಂದುಬಿಡುತ್ತಿದ್ದೆ. ಅದೇ ತಪ್ಪಾಯಿತು.

ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಮಗನ ಜೊತೆ ಒಬ್ಬ ಅಜ್ಜ ಇದ್ದಾರೆ. ವಿಜಯಪುರ ಕಡೆಯವರು, ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಒಂದು ಭಾನುವಾರ ಬೆಳಿಗ್ಗೆ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತಿನ್ನುತ್ತಲೇ ನಮ್ಮ ಮನೆಗೆ ಬಂದರು. ನಾನು ಲ್ಯಾಪ್‌ಟಾಪ್ ತೆರೆದು ಕೂತಿದ್ದೆ.

"ತಂಗೀ, ಇದರಾಗ ಏನು ಶ್ವಾಸಕೋಶ ನೋಡೂದು?"

"ಹೌದ್ರಿ ಅಜ್ಜಾರ."

"ಹಂಗಾರ ನಂದೂ ನೋಡು. ಮೂವತ್ತೈದು ವರ್ಷ ಸೀಟಿ ಊದೀನಿ" ಅಂದವರೇ ಬಗ್ಗಿ, ನಾನು ಬೇಡ ಅನ್ನುವುದರೊಳಗೆ ಲ್ಯಾಪ್‌ಟಾಪಿನ ಮುಖಕ್ಕೆ ಫೂ ಅಂತ ಊದಿಬಿಟ್ಟರು. ತೆರೆಯ ಮೇಲೆಲ್ಲ ಮಬ್ಬು, ಕೀಲಿಗಳ ನಡುವೆ ಪೋಹೆ. ಅದೇ ಹೊತ್ತಿಗೆ ಹಿಂದಿನ ರಾತ್ರಿಯಿಂದ ಓಡುತ್ತಿದ್ದ ನನ್ನ ಲೆಕ್ಕ ಮುಗಿದು ಹಸಿರು ಅಕ್ಷರದಲ್ಲಿ "ಯಶಸ್ವಿ" ಅಂತ ಬಂತು. ಅಜ್ಜನ ಮುಖ ಅರಳಿತು. ನಾನು ಏನು ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕಾಲನಿಯ ನಾಲ್ಕು ಜನ ಹಿರಿಯರು ಸಾಲಾಗಿ ನಿಂತಿದ್ದಾರೆ. ಮುಂದೆ ನಿಂತವರಿಗೆ ಸಿಟ್ಟು ನೆತ್ತಿಗೇರಿತ್ತು.

"ಜಲ್ದಿ ನೋಡ್ರಿ ಬಾಯೀ, ಖಾಲಿ ಹೊಟ್ಟೀಲೆ ಬಂದೀನಿ. ಚಹಾ ಸೈತ ಕುಡದಿಲ್ಲ."

ನೂರಾ ನಲವತ್ತು ಪರ್ಸೆಂಟ್

ಮಾಡೆಲ್ ತಯಾರಾದ ಮೇಲೆ ಅದನ್ನು ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ಐಸಿಯು ಮುಖ್ಯಸ್ಥರು ಎತ್ತರದ ದನಿಯ, ಕಮ್ಮಿ ಮಾತಿನ ಮರಾಠಿ ಡಾಕ್ಟರು. ನಮ್ಮ ಪ್ರೊಫೆಸರು ನನ್ನನ್ನು ಮುಂದೆ ತಳ್ಳಿ ತಾವು ಹಿಂದಿನ ಕುರ್ಚಿ ಹಿಡಿದರು.

ನಾನು ತೆರೆಯ ಮೇಲೆ ಲೆಕ್ಕದ ರೋಗಿಯೊಬ್ಬನನ್ನು ಮಲಗಿಸಿ, "ನೋಡಿ ಸರ್, ಇವರ ಶ್ವಾಸಕೋಶ ತುಂಬಾ ಕೆಟ್ಟಿದೆ. ಈಗ ಒತ್ತಡ ಸ್ವಲ್ಪ ಏರಿಸುತ್ತೇನೆ, ರಕ್ತದಲ್ಲಿ ಆಕ್ಸಿಜನ್ ಎಷ್ಟಾಗುತ್ತದೆ ನೋಡಿ" ಅಂತ ಒಂದು ಗುಂಡಿ ಒತ್ತಿದೆ. ಅಂಕಿ ಏರಿತು. ಎಂಬತ್ತೆಂಟು, ತೊಂಬತ್ತೈದು, ನೂರು. ಅಲ್ಲಿಗೆ ನಿಲ್ಲಬೇಕಿತ್ತು, ಯಾಕೆಂದರೆ ನೂರರ ಮೇಲೆ ಆಕ್ಸಿಜನ್ ಹಿಡಿಸಲು ಯಾರ ರಕ್ತದಲ್ಲೂ ಜಾಗವಿಲ್ಲ. ನನ್ನ ರೋಗಿಗೆ ಇದನ್ನು ಯಾರೂ ಹೇಳಿರಲಿಲ್ಲ. ನೂರಾ ಹತ್ತು, ನೂರಾ ಇಪ್ಪತ್ತೈದು ಅಂತ ಏರಿ ನೂರಾ ನಲವತ್ತಕ್ಕೆ ಹೋಗಿ ನಿಂತ.

ಎಲ್ಲಿ ಎಡವಿದೆ ಅಂತ ಆಗ ಹೊಳೆಯಿತು. ಯಂತ್ರದ ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ, ರಕ್ತದ ಅನಿಲವನ್ನು ಪಾದರಸದ ಮಿಲಿಮೀಟರಿನಲ್ಲಿ. ನಾನು ಎರಡನ್ನೂ ಒಂದೇ ಕೊಡಕ್ಕೆ ಸುರಿದಿದ್ದೆ, ಸಾಲದ್ದಕ್ಕೆ ನೂರಕ್ಕೆ ತಡೆ ಹಾಕುವುದನ್ನೂ ಮರೆತಿದ್ದೆ. ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಹಿಂದೆ ತಿರುಗಿದರೆ ನಮ್ಮ ಪ್ರೊಫೆಸರು ಬೂಟಿನ ಲೇಸು ಕಟ್ಟುತ್ತಿದ್ದರು. ಅವರು ಅವತ್ತು ಹಾಕಿದ್ದು ಲೇಸಿಲ್ಲದ ಬೂಟು.

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮ್ಯಾಡಮ್, ನಿಮಗೆ ಹತ್ತು ಪೇಷಂಟ್ ಕೊಡ್ತೇನೆ. ನಿಮ್ಮ ಮಾತು ಕೇಳಿ ನಾನು ಯಂತ್ರ ಮುಟ್ಟೋದಿಲ್ಲ. ನಾನು ಏನಾದರೂ ಬದಲಿಸುವ ಮೊದಲು ಒತ್ತಡ ಎಷ್ಟಾಗುತ್ತೆ ಅಂತ ಚೀಟಿ ಬರೆದು ಸಿಸ್ಟರ್ ಕೈಗೆ ಕೊಡಿ. ಆಮೇಲೆ ತಾಳೆ ನೋಡೋಣ. ಒಂದೇ ಒಂದು ಸಲ ಪೂರಾ ತಪ್ಪಿ, ಯಾಕೆ ತಪ್ಪಿತು ಅಂತ ಹೇಳೋಕೂ ನಿಮಗೆ ಆಗದಿದ್ದರೆ, ನಮಸ್ಕಾರ."

ಹೊರಗೆ ಬಂದ ಮೇಲೆ ಪ್ರೊಫೆಸರು ಇನ್ನೊಂದು ಮಾತು ಸೇರಿಸಿದರು. ಡಾಕ್ಟರು ನಮಸ್ಕಾರ ಅಂದರೆ ಪ್ರಾಜೆಕ್ಟ್ ಮುಚ್ಚುತ್ತದೆ, ಮತ್ತೆ ನಾನು ಮೊದಲ ವರ್ಷದವರಿಗೆ ಡ್ರಾಯಿಂಗ್ ಕಲಿಸಬೇಕು. ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟ್ಟಿದ ಮಾಡೆಲ್ ಅದು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಡಾಕ್ಟರು ಬಾಗಿಲಿನಿಂದ ತಲೆ ಹೊರಗೆ ಹಾಕಿದರು. "ಮ್ಯಾಡಮ್, ಆ ನೂರಾ ನಲವತ್ತರವನನ್ನ ಇವತ್ತೇ ಡಿಸ್ಚಾರ್ಜ್ ಮಾಡಿಬಿಡಿ. ನಮ್ಮೆಲ್ಲರಿಗಿಂತ ಗಟ್ಟಿ ಇದ್ದಾನೆ, ಸುಮ್ಮನೆ ಬೆಡ್ ಯಾಕೆ?"

ಎಸ್ ಮಾಡೆಲ್

ಚೀಟಿ ಇಟ್ಟುಕೊಳ್ಳುತ್ತಿದ್ದ ಸಿಸ್ಟರ್ ಆ ಐಸಿಯುನ ಹೆಡ್ ನರ್ಸ್. ಮೂವತ್ತು ವರ್ಷದ ಸರ್ವಿಸು, ಮನೆ ಊರಾಚೆಯ ಕಾಮಠಿಯಲ್ಲಿ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ರೋಗಿಯ ಲೆಕ್ಕವನ್ನೆಲ್ಲ ತುಂಬಿ, ಮಾಡೆಲ್ ಓಡಿಸಿ, ನಾಲ್ಕು ನಿಮಿಷ ಕಾದು ಒಂದು ಅಂಕಿ ಬರೆದು ಕೊಡುತ್ತಿದ್ದೆ. ಅವರು ಚೀಟಿ ನೋಡಿ, ಹಾಸಿಗೆಯ ಕಾಲ ಬಳಿ ಒಂದು ಕ್ಷಣ ನಿಂತು ಯಂತ್ರದ ಸದ್ದಿಗೆ ಕಿವಿ ಕೊಟ್ಟು, "ಊಹೂಂ, ಇನ್ನೆರಡು ಜಾಸ್ತಿ ಆಗುತ್ತೆ ನೋಡಿ" ಅನ್ನುತ್ತಿದ್ದರು. ಆಗುತ್ತಿತ್ತು!

ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ? ಆದರೂ ಲೆಕ್ಕ ಲೆಕ್ಕವೇ ಅಂತ ನನ್ನ ಪಟ್ಟಿಯಲ್ಲಿ ಮೂರನೆಯ ಸಾಲೊಂದು ಎಳೆದು, ಅದರ ತಲೆಗೆ "ಎಸ್" ಅಂತ ಬರೆದು, ಅವರ ಅಂಕಿಗಳನ್ನೂ ತುಂಬುತ್ತ ಹೋದೆ. ಐದು ಪೇಷಂಟ್ ಮುಗಿದ ಮೇಲೆ ಪಟ್ಟಿ ಪ್ರೊಫೆಸರಿಗೆ ಕಳಿಸಿದೆ. ನಮ್ಮ ಐದೂ ಅಂಕಿ ನಿಜಕ್ಕೆ ಹತ್ತಿರವೇ ಇದ್ದವು. ಎಸ್ ಮಾತ್ರ ಪ್ರತಿ ಸಲವೂ ಒಂದು ಕೈ ಮೇಲೆ.

ಅರ್ಧ ಗಂಟೆಯಲ್ಲಿ ಪ್ರೊಫೆಸರ ಫೋನು. ಉಸಿರು ಕಟ್ಟಿದ ಹಾಗೆ ಮಾತಾಡುತ್ತಿದ್ದರು.

"ಈ ಎಸ್ ಯಾರು ಮಾಡಿದ್ದು? ನಮ್ಮದಕ್ಕಿಂತ ಬರೋಬರ್ ಇದೆಯಲ್ಲ! ಎಷ್ಟು ಸಮೀಕರಣ ಇವೆ ಇದರಲ್ಲಿ?"

"ಒಂದೂ ಇಲ್ಲ ಸರ್."

"ಸಮೀಕರಣ ಇಲ್ಲವಾ? ಹಾಗಾದರೆ ಎಐ ಇರಬೇಕು. ಯಾವ ಸರ್ವರ್ ಮೇಲೆ ಓಡುತ್ತೆ?"

"ಸರ್ವರ್ ಇಲ್ಲ ಸರ್. ಕಾಮಠಿಯಿಂದ ಬಸ್ಸಿಗೆ ಬರುತ್ತೆ."

ತಾನಾಗಿ ಗುಣವಾದ ರಬ್ಬರು

ಒಂಬತ್ತು ಪೇಷಂಟ್ ಆಗಿ, ಹತ್ತನೆಯವರು ಇನ್ನೂ ಬಂದಿರಲಿಲ್ಲ. ಸುಮ್ಮನೆ ಯಾಕೆ ಕೂಡಬೇಕು ಅಂತ ಒಂದು ಪ್ರಯೋಗ ಇಟ್ಟೆ. ಮನುಷ್ಯರ ಬದಲು ಯಂತ್ರಕ್ಕೆ ಕಟ್ಟಲು ರಬ್ಬರಿನ ಶ್ವಾಸಕೋಶ ಅಂತ ಒಂದು ಚೀಲ ಬರುತ್ತದೆ. ಅದು ಮೆತ್ತಗೆ ಇರುತ್ತದೆ, ಆರೋಗ್ಯವಂತರ ಹಾಗೆ. ಅದನ್ನು ರೋಗಿ ಮಾಡಬೇಕಾದರೆ ಮೇಲೆ ಭಾರ ಹೇರಬೇಕು. ಭಾರ ಇಟ್ಟಷ್ಟೂ ಒಳಗೆ ಗಾಳಿ ಹೋಗಲು ಹೆಚ್ಚು ಒತ್ತಡ ಬೇಕಾಗುತ್ತದೆ.

ಐಸಿಯು ಸ್ಟಾಫಿನ ಚಹಾ ಕೋಣೆಯಲ್ಲಿ ಒಂದು ಹಳೆಯ ವೆಂಟಿಲೇಟರ್ ಇತ್ತು. ಅದಕ್ಕೆ ಚೀಲ ಜೋಡಿಸಿ ಸುತ್ತ ನೋಡಿದೆ. ಭಾರಕ್ಕೆ ಏನಿಡಲಿ? ಗುಣವಾಗಿ ಮನೆಗೆ ಹೋದ ಯಾರೋ ಕೊಟ್ಟಿದ್ದ ಸಂತ್ರಾ ಬರ್ಫಿಯ, ಅಂದರೆ ಕಿತ್ತಳೆ ಮಿಠಾಯಿಯ, ಆರು ಡಬ್ಬಿ ಕಪಾಟಿನ ಮೇಲಿದ್ದವು. ಒಂದೊಂದು ಅರ್ಧ ಕಿಲೋ, ಸೀಲ್ ಸಹ ಒಡೆದಿರಲಿಲ್ಲ. ಇದಕ್ಕಿಂತ ಕರಾರುವಾಕ್ಕಾದ ತೂಕ ಎಲ್ಲಿ ಸಿಕ್ಕೀತು? ಚೀಲದ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಆರೂ ಡಬ್ಬಿ ಪೇರಿಸಿ, ಒತ್ತಡ ತಾನಾಗಿ ದಾಖಲಾಗುವ ಹಾಗೆ ಮಾಡಿ, ಕಾಲೇಜಿಗೆ ಹೋದೆ.

ಮರುದಿನ ಬಂದು ದಾಖಲೆ ನೋಡಿದರೆ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ರಬ್ಬರು ಗುಣವಾಗುತ್ತಿದೆ! ಹನ್ನೊಂದು ಗಂಟೆಗೆ ಒತ್ತಡ ಒಂದು ಮೆಟ್ಟಿಲು ಇಳಿದಿದೆ. ನಾಲ್ಕಕ್ಕೆ ಎರಡು ಮೆಟ್ಟಿಲು. ಸಂಜೆಯ ಹೊತ್ತಿಗೆ ಆ ಚೀಲ ನನಗಿಂತ ಆರೋಗ್ಯವಾಗಿದೆ. ಮಾಡೆಲ್ ಹಾಗಾಗಬಾರದು ಅನ್ನುತ್ತದೆ. ಪ್ರೊಫೆಸರಿಗೆ ಫೋನು ಮಾಡಿದೆ. "ಒತ್ತಿ ಒತ್ತಿ ರಬ್ಬರಿನ ಗುಣವೇ ಬದಲಾಗಿರಬೇಕು. ಏನೂ ಮುಟ್ಟಬೇಡಿ, ಇದರ ಮೇಲೆ ಒಂದು ಪೇಪರ್ ಆಗುತ್ತೆ" ಅಂದರು. ಸುದ್ದಿ ಕೇಳಿ ಡಾಕ್ಟರೇ ಬಂದು ತೆರೆ ನೋಡಿದರು.

"ಚಿಕಿತ್ಸೆ ಏನು ಕೊಟ್ಟಿರಿ?"

"ಏನೂ ಇಲ್ಲ ಸರ್. ಬರೀ ಭಾರ ಇಟ್ಟಿದ್ದೇನೆ" ಅಂತ ತೋರಿಸಲು ಮೇಲಿನ ಡಬ್ಬಿ ಎತ್ತಿದೆ. ಕೈಗೆ ಹೂವಿನ ಹಾಗೆ ಹಗುರ. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಒಂದೇ ತುಂಡು ಉಳಿದಿತ್ತು. ತಿಂದವರು ಎಲ್ಲರೂ ಶಿಸ್ತಿನವರು, ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಇದ್ದಲ್ಲೇ ಪೇರಿಸಿ ಹೋಗಿದ್ದರು. ಬಾಗಿಲಲ್ಲಿ ನಿಂತಿದ್ದ ನರ್ಸುಗಳೆಲ್ಲ ಒಟ್ಟಿಗೇ ಮಾಯವಾದರು.

ಡಾಕ್ಟರು ಆ ಕೊನೆಯ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡು ತೆರೆಯ ಕಡೆ ಬೆರಳು ತೋರಿಸಿದರು. "ನೋಡಿ, ಇನ್ನೂ ಸುಧಾರಿಸ್ತಿದ್ದಾನೆ."

ಹತ್ತನೆಯ ಪೇಷಂಟ್

ಹತ್ತನೆಯವರು ಹಿಂಗಣಾದ ಫ್ಯಾಕ್ಟರಿಯೊಂದರಲ್ಲಿ ಫೋರ್‌ಮನ್. ನ್ಯುಮೋನಿಯಾ ಎರಡೂ ಕಡೆಗೆ ಹರಡಿ, ಉಸಿರು ಸಿಗದೆ ನೀಲಿಯಾಗಿ ಬಂದರು. ಬಂದ ಹತ್ತೇ ನಿಮಿಷಕ್ಕೆ ಟ್ಯೂಬ್ ಹಾಕಿ, ನಿದ್ದೆ ಬರಿಸಿ, ಯಂತ್ರಕ್ಕೆ ಜೋಡಿಸಿದರು. ಜೊತೆಗೆ ಇಬ್ಬರು ಹೆಂಗಸರು ಬಂದಿದ್ದರು. ಒಬ್ಬರು ತಾಯಿ, ಮಾತಿನ ಮಲ್ಲಿ. ಇನ್ನೊಬ್ಬರು ಹೆಂಡತಿ, ಉದ್ದನೆಯ ಹೆಣ್ಣುಮಗಳು, ಅತ್ತೆಯ ಹಿಂದೆ ಸ್ವಲ್ಪ ಬಾಗಿ ನಿಲ್ಲುವವರು. ಆಕೆ ಯಾರನ್ನು ಕಂಡರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಉಳೀತಾರಲ್ಲವಾ?"

ನನ್ನನ್ನೂ ಕೇಳಿದರು. ನಾನು ಡಾಕ್ಟರಲ್ಲ, ಗಾಳಿಯ ಲೆಕ್ಕ ಬರೆಯುವವಳು ಅಂತ ಹೇಳುವ ಬದಲು ಡಾಕ್ಟರ ಕಡೆ ಕೈ ತೋರಿಸಿದೆ. ಒಂಬತ್ತು ಜನರ ತನಕ ನನಗೆ ಅವು ಅಂಕಿಗಳಾಗಿದ್ದವು. ಅವತ್ತು ಹೆದರಿಕೆಯಾಯಿತು.

ಲೆಕ್ಕ ತುಂಬಿ, ಮಾಡೆಲ್ ಓಡಿಸಿ, ಒತ್ತಡ ಇಪ್ಪತ್ತಾರು ಆಗುತ್ತದೆ ಅಂತ ಚೀಟಿ ಕೊಟ್ಟೆ. ಯಂತ್ರ ತೋರಿಸಿದ್ದು ಮೂವತ್ತೆರಡು. ಮತ್ತೆ ಓಡಿಸಿದೆ. ಇಪ್ಪತ್ತಾರು. ಯಂತ್ರದಲ್ಲಿ ಮೂವತ್ತೆರಡು. ಡಾಕ್ಟರ ಹುಬ್ಬು ಗಂಟಾಯಿತು. ಅವರ ಚಿಂತೆ ನನ್ನ ಮಾಡೆಲ್ಲಿನದಲ್ಲ. ಆ ಒತ್ತಡ ಹಾಗೆಯೇ ಇದ್ದರೆ ಶ್ವಾಸಕೋಶದ ಗತಿ ಏನು ಅಂತ. ಆದರೂ ನನ್ನ ಕಡೆ ತಿರುಗಿ, "ನಾಳೆ ಸಂಜೆಯೊಳಗೆ ಯಾಕೆ ಅಂತ ಹೇಳಿ. ಹೇಳಲಾಗದಿದ್ದರೆ ಮೊದಲೇ ಮಾತಾಗಿದೆ" ಅಂದರು.

ಮನೆಗೆ ಹೋಗಿ ಬರೆದ ಪ್ರತಿ ಸಾಲನ್ನೂ ಜಾಲಾಡಿದೆ. ನೀರು, ಪಾದರಸ ಎಲ್ಲ ಬೇರೆ ಬೇರೆ ಕೊಡದಲ್ಲೇ ಇದ್ದವು. ಬೆಳಿಗ್ಗೆ ಗಂಡನಿಗೆ ಚಹಾ ಕೊಡುವಾಗ ಸಕ್ಕರೆಯ ಬದಲು ಉಪ್ಪು ಬಿತ್ತು. ಪಾಪ, ಅವರು ಒಂದು ಗುಟುಕು ನುಂಗಿಯೇ ಕೇಳಿದರು, "ಏನಾತು?"

ಹೇಳಿದೆ.

"ನೀ ತುಂಬಿದ ಲೆಕ್ಕ ಎಲ್ಲಾ ನೀನ ಅಳದಿಯೇನು?"

"ಯಂತ್ರದ್ದು ಯಂತ್ರ ಕೊಡ್ತದ, ರಕ್ತದ್ದು ಲ್ಯಾಬ್ ಕೊಡ್ತದ. ಉಳದದ್ದು ಪೇಷಂಟ್ ಕಾರ್ಡಿನಾಗ ಇರ್ತದಲ್ಲ."

"ನಮ್ಮಲ್ಲಿ ಕಾಗದದಾಗ ಹಳಿಯ ಅಗಲ ಬರದಿದ್ರೂ ನಾವು ಗೇಜ್ ಇಟ್ಟು ನೋಡೇ ನೋಡ್ತೀವಪಾ. ಬರದಾಂವ ಮನ್ಯಾಗ ಕೂತು ಬರದಿರಬಹುದು" ಅಂದು ಚಹಾ ಸಿಂಕಿಗೆ ಸುರಿದು ಡ್ಯೂಟಿಗೆ ಹೋದರು.

ನಾನು ಅಲ್ಲೇ ನಿಂತುಬಿಟ್ಟೆ. ಕಾರ್ಡಿನಲ್ಲಿ ಏನಿರುತ್ತದೆ? ಹೆಸರು, ವಯಸ್ಸು, ಎತ್ತರ. ಎತ್ತರ! ಮನುಷ್ಯ ದಪ್ಪಗಾದರೆ ಹೊಟ್ಟೆ ಬೆಳೆಯುತ್ತದೆ, ಶ್ವಾಸಕೋಶ ಬೆಳೆಯುವುದಿಲ್ಲ. ಶ್ವಾಸಕೋಶ ಎಷ್ಟು ದೊಡ್ಡದು ಅನ್ನುವುದು ಎತ್ತರದ ಮೇಲೆ ಹೋಗುತ್ತದೆ. ಡಾಕ್ಟರು ಗಾಳಿ ಎಷ್ಟು ಅಂತ ಗೊತ್ತು ಮಾಡುವುದೂ, ನಾನು ನಕಲು ಕಟ್ಟುವುದೂ ಅದರ ಮೇಲೆಯೇ. ಫೋರ್‌ಮನ್ನರ ಕಾರ್ಡಿನಲ್ಲಿ ಐದು ಅಡಿ ಎಂಟು ಇಂಚು ಅಂತಿತ್ತು. ಅವರು ಬಂದ ಗಡಿಬಿಡಿಯಲ್ಲಿ ಟೇಪು ಹಿಡಿಯಲು ಯಾರಿಗೆ ಪುರುಸೊತ್ತಿತ್ತು? ಬಾಗಿಲಲ್ಲಿ ಕೇಳಿದ್ದಾರೆ, ಮನೆಯವರು ಹೇಳಿದ್ದಾರೆ, ಬರೆದಿದ್ದಾರೆ.

ಆಟೋ ಹಿಡಿದು ಓಡಿದೆ. ಸಿಸ್ಟರಿಗೆ ಹೇಳಿದ ಕೂಡಲೇ ಡ್ರಾಯರಿನಿಂದ ಟೇಪು ತೆಗೆದರು. ಭೇಟಿಯ ಹೊತ್ತು, ತಾಯಿ ಮತ್ತು ಹೆಂಡತಿ ಹಾಸಿಗೆಯ ಪಕ್ಕದಲ್ಲೇ ಇದ್ದರು. ನಾನು ಹಿಮ್ಮಡಿ ಹಿಡಿದೆ, ಸಿಸ್ಟರ್ ನೆತ್ತಿ ಹಿಡಿದರು.

"ಐದು ಅಡಿ ನಾಲ್ಕು ಇಂಚು" ಅಂದರು ಸಿಸ್ಟರ್.

"ಕಾಯ್? ಏನು?" ತಾಯಿ ಎದ್ದೇಬಿಟ್ಟರು. "ನಾನೇ ಹೇಳಿ ಬರೆಸಿದ್ದೇನೆ, ಐದು ಎಂಟು! ಇನ್ನೊಂದು ಸಲ ಅಳೆಯಿರಿ."

ಅಳೆದೆವು. ಐದು ನಾಲ್ಕು.

"ಟೇಪು ಹಳೆಯದು, ಜಗ್ಗಿ ಉದ್ದ ಆಗಿದೆ."

ಟೇಪು ಜಗ್ಗಿದ್ದರೆ ಇವರ ಎತ್ತರ ಇನ್ನೂ ಕಮ್ಮಿ ಅಂತ ನಾನು ಹೇಳಲಿಲ್ಲ. ಅಷ್ಟು ಹೊತ್ತಿಗೆ ಡಾಕ್ಟರು ಬಂದರು. ತಾಯಿ ಅವರ ಕಡೆ ತಿರುಗಿದರು.

"ಡಾಕ್ಟರ್ ಸಾಹೇಬರೇ, ಮಲಗಿದಾಗ ಮನುಷ್ಯ ಸ್ವಲ್ಪ ಗಿಡ್ಡ ಕಾಣ್ತಾನೆ. ಅದೂ ಅಲ್ಲದೆ ಐದು ದಿನ ಜ್ವರ, ಪಾಪ, ಇಳಿದುಹೋಗಿದ್ದಾನೆ."

"ಜ್ವರಕ್ಕೆ ತೂಕ ಇಳಿಯುತ್ತೆ ತಾಯೀ. ಎತ್ತರ ಇಳಿದದ್ದು ನಾನು ಇಲ್ಲಿವರೆಗೆ ನೋಡಿಲ್ಲ."

"ಅವನ ಲಗ್ನದ ಬಯೋಡೇಟಾದಲ್ಲೇ ಇದೆ. ತಂದು ತೋರಿಸಲಾ?"

ತಂದೂ ತಂದರು, ಮರುದಿನ, ಪ್ಲಾಸ್ಟಿಕ್ ಹೊದಿಸಿದ್ದು. ಎತ್ತರ ಐದು ಅಡಿ ಎಂಟು ಅಂತ ದಪ್ಪ ಅಕ್ಷರದಲ್ಲಿತ್ತು. ಪಕ್ಕದ ಫೋಟೋದಲ್ಲಿ ಮಗ ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು, ಉಳಿದವರೆಲ್ಲ ಅಂಗಳದಲ್ಲಿ ನಿಂತಿದ್ದರು.

ಆದರೆ ಅವತ್ತು ಡಾಕ್ಟರು ಬಯೋಡೇಟಾಕ್ಕೆ ಕಾಯಲಿಲ್ಲ. ಸುಳ್ಳು ನಾಲ್ಕು ಇಂಚಿನಿಂದ ಆ ಮನುಷ್ಯನಿಗೆ ಪ್ರತಿ ಉಸಿರಿನಲ್ಲೂ ಅರ್ಧ ಕಟಿಂಗ್ ಚಹಾದಷ್ಟು, ಅಂದರೆ ಪುಟ್ಟ ಗ್ಲಾಸಿನ ಅರ್ಧದಷ್ಟು, ಗಾಳಿ ಹೆಚ್ಚು ಹೋಗುತ್ತಿತ್ತು. ಕೇಳಲು ಸಣ್ಣದು. ನೊಂದ ಶ್ವಾಸಕೋಶಕ್ಕೆ, ನಿಮಿಷಕ್ಕೆ ಇಪ್ಪತ್ತು ಸಲದಂತೆ, ಅದು ಸಣ್ಣದಲ್ಲ. ಅವರು ಗಾಳಿ ಇಳಿಸುವ ಮೊದಲು ನಾನು ಹೊಸ ಎತ್ತರ ತುಂಬಿ ಮಾಡೆಲ್ ಓಡಿಸಿ ಚೀಟಿ ಬರೆದೆ: ಇಪ್ಪತ್ತೇಳು. ಸಿಸ್ಟರ್ ನೋಡಿ ಮೊದಲ ಬಾರಿಗೆ ತಲೆಯಾಡಿಸಿದರು. ಡಾಕ್ಟರು ಗುಂಡಿ ತಿರುಗಿಸಿದರು. ಯಂತ್ರ ಇಪ್ಪತ್ತೇಳು ಅಂತು.

ಡಾಕ್ಟರು ಮೂಲೆಯಲ್ಲಿದ್ದ ನನ್ನ ಸ್ಟೂಲನ್ನು ತಾವೇ ಕಾಲಿನಿಂದ ನೂಕಿ ಹಾಸಿಗೆಯ ಪಕ್ಕಕ್ಕೆ ತಂದಿಟ್ಟು ಹೋದರು. ನನಗೆ ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಗಂಡನಿಗೆ ಹೇಳಬೇಡಿ.

ಇದೆಲ್ಲ ನಡೆಯುವಾಗ ಹೆಂಡತಿ ಕಿಟಕಿಯ ಕಡೆ ನೋಡುತ್ತ ನಿಂತಿದ್ದರು. ನಾನು ಹೊರಗೆ ಬಂದಾಗ ಹಿಂದೆಯೇ ಬಂದು ನನ್ನ ಕೈ ಹಿಡಿದರು. "ಆ ನಾಲ್ಕು ಇಂಚಿನಿಂದ ಅವರಿಗೆ ಏನಾದರೂ ಆಗಿಬಿಟ್ಟಿದೆಯಾ? ಖರೇ ಹೇಳಿ."

"ಒಂದು ದಿನಕ್ಕೇ ಗೊತ್ತಾಯಿತಲ್ಲ, ಇನ್ನು ಸರಿಹೋಗುತ್ತೆ" ಅಂದೆ. ಹಾಗೆ ಹೇಳುವ ಅಧಿಕಾರ ನನಗೆ ಇರಲಿಲ್ಲ. ಆದರೆ ಆಕೆಯ ಮುಖ ನೋಡಿ ಬೇರೆ ಮಾತು ಬಾಯಿಗೆ ಬರಲಿಲ್ಲ. ಆಮೇಲೆ ಎಂಟು ದಿನ ನಾನು ಪ್ರತಿ ಬೆಳಿಗ್ಗೆ ಮೊದಲು ಆ ಹಾಸಿಗೆ ಖಾಲಿಯಾಗಿಲ್ಲ ಅಂತ ಬಾಗಿಲಿಂದಲೇ ನೋಡಿ, ಆಮೇಲೆ ಒಳಗೆ ಕಾಲಿಡುತ್ತಿದ್ದೆ.

ದಿನಕ್ಕೆ ಸ್ವಲ್ಪ ಸ್ವಲ್ಪ ಒತ್ತಡ ಇಳಿಯಿತು. ಎಂಟನೆಯ ದಿನ ಡಾಕ್ಟರು ಹಾಸಿಗೆಯ ಬಳಿ ನಿಂತು, "ಟ್ಯೂಬ್ ತೆಗೆದರೆ ಸ್ವಂತ ಉಸಿರಾಡ್ತಾನೆ ಅನ್ನಿಸುತ್ತೆ. ನಿಮ್ಮ ಕಂಪ್ಯೂಟರ್ ಏನು ಹೇಳುತ್ತೆ?" ಅಂತ ಕೇಳಿದರು. ಅವರು ಹಾಗೆ ಕೇಳಿದ್ದು ಅದೇ ಮೊದಲು.

"ಆಡ್ತಾರೆ ಅನ್ನುತ್ತೆ ಸರ್."

"ಸಿಸ್ಟರ್?"

"ಆಡ್ತಾರೆ ಸರ್. ಬೆಳಿಗ್ಗೆ ನನ್ನ ಮೇಲೆ ಕಣ್ಣು ಕೆಂಪು ಮಾಡಿದರು."

ತೆಗೆದರು. ಫೋರ್‌ಮನ್ನರು ಕೆಮ್ಮಿದರು, ಒದ್ದಾಡಿದರು, ಆಮೇಲೆ ಎದೆ ತಾನಾಗಿ ಏರಿತು, ಇಳಿಯಿತು, ಮತ್ತೆ ಏರಿತು. ನಾನು ನನ್ನ ಉಸಿರು ಹಿಡಿದಿದ್ದೇನೆ ಅನ್ನುವುದು ನನಗೇ ಆಗ ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಭೇಟಿಗೆ ತಾಯಿ ಮತ್ತು ಹೆಂಡತಿ ಬಂದರು. ಹೆಂಡತಿ ಪರದೆಯ ಈಚೆಗೇ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ಅಳುವ ಮುಖ ತೋರಿಸಬಾರದು ಅಂತ.

ಫೋರ್‌ಮನ್ನರ ಕಣ್ಣು ನಿಧಾನವಾಗಿ ಎಲ್ಲ ಕಡೆ ತಿರುಗಿ, ಎದುರಿಗೆ ತೂಗುಹಾಕಿದ್ದ ಕಾರ್ಡಿನ ಮೇಲೆ ನಿಂತಿತು. ಅಲ್ಲಿ "ಐದು ಅಡಿ ಎಂಟು" ಅನ್ನುವುದಕ್ಕೆ ಕಾಟು ಹೊಡೆದು, ಕೆಂಪು ಶಾಯಿಯಲ್ಲಿ "ಐದು ಅಡಿ ನಾಲ್ಕು" ಅಂತ ಬರೆದು ಸಿಸ್ಟರ್ ಸಹಿ ಹಾಕಿದ್ದರು. ಫೋರ್‌ಮನ್ನರ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಹೊರಟರು. ನೋವೇನೋ ಅಂತ ಡಾಕ್ಟರು, ಸಿಸ್ಟರು, ನಾನು ಮೂವರೂ ಬಗ್ಗಿದೆವು. ಎಂಟು ದಿನದ ಮೇಲೆ ಬಂದ ಮೊದಲ ಮಾತು, ಗೊಗ್ಗರ ದನಿಯಲ್ಲಿ:

"ಅದನ್ನ... ನನ್ನ ಹೆಂಡತಿ... ಓದಿದಾಳಾ?"

"ಯಾರೂ ಓದಿಲ್ಲ ರೇ ಬಾಳಾ, ನನ್ನ ಕಂದಾ, ಯಾರೂ ಓದಿಲ್ಲ!" ಅಂತ ತಾಯಿ ಓಡಿ ಹೋಗಿ ಕಾರ್ಡಿಗೆ ಬೆನ್ನು ಕೊಟ್ಟು ನಿಂತರು.

ಪರದೆ ಸರಿಯಿತು. ಹೆಂಡತಿ ಒಳಗೆ ಬಂದು, ಅತ್ತೆಯ ಮುಂದೆ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ ನಿಂತರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ, ಎರಡೂ ಇರಬೇಕು.

"ಅಹೋ, ಇಪ್ಪತ್ತೆರಡು ವರ್ಷದಿಂದ ಗೊತ್ತು. ಮದುವೇಲಿ ಹಾರ ಹಾಕುವಾಗ ನಿಮ್ಮ ಮಾಮಾ ನಿಮ್ಮನ್ನ ಮೇಲಕ್ಕೆ ಎತ್ತಿ ಹಿಡಿದರಲ್ಲ, ನನ್ನ ಕೈಗೆ ಎಟುಕಬಾರದು ಅಂತ? ಎತ್ತಿದ ಮೇಲೇ ನೀವು ನನ್ನ ಸಮಕ್ಕೆ ಬಂದದ್ದು."